ಮೊದಲು ವಾಲ್ವ್, ಆಮೇಲೆ ಎಐ

ಕೇಳುಗರಿಗೆಲ್ಲ ನಮಸ್ಕಾರ. ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನೋಡಿಕೊಳ್ಳುವ ಗೆಳೆಯರೇ, ನಿಮಗಾಗಿಯೇ ಈ ಮಾತು. ಎಐ ಬಂತು, ಇನ್ನು ಪಿಐಡಿ ಕಂಟ್ರೋಲರ್, ಅಂದರೆ ಅಳತೆ ನೋಡಿ ವಾಲ್ವನ್ನು ತಾನೇ ತಿದ್ದುತ್ತಿರುವ ಸಾಧನ, ಯಾಕೆ ಎನ್ನುವವರಿದ್ದಾರೆ. ದಯವಿಟ್ಟು ನಂಬಬೇಡಿ. ಸೆಟ್ ಪಾಯಿಂಟ್, ಅಂದರೆ ಕಾಯ್ದುಕೊಳ್ಳಬೇಕಾದ ಮಟ್ಟ, ಎಷ್ಟಿರಬೇಕೆಂದು ಎಐ ಹೇಳಲಿ. ವಾಲ್ವನ್ನು ಆಡಿಸುವುದು ಪಿಐಡಿ ಕೆಲಸ.

ಗೂಗಲ್‌ನ ಡೇಟಾ ಸೆಂಟರ್‌ಗಳನ್ನೇ ನೋಡಿ. ಸರ್ವರ್‌ಗಳ ಬಿಸಿ ಇಳಿಸಲು ಅಲ್ಲಿ ಪಂಪು, ನೀರು ತಣಿಸುವ ಚಿಲ್ಲರ್, ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಕೂಲಿಂಗ್ ಟವರ್ ಹಗಲಿರುಳು ಓಡಬೇಕು. ಟವರ್ ಫ್ಯಾನ್ ಜೋರು ಮಾಡಿದರೆ ಚಿಲ್ಲರ್‌ಗೆ ಕರೆಂಟ್ ಕಡಿಮೆ ಸಾಕು, ಫ್ಯಾನ್‌ಗೆ ಹೆಚ್ಚು ತಗಲುತ್ತದೆ. ಎರಡೂ ಸೇರಿ ಎಲ್ಲಿ ಕಡಿಮೆ? ಹೊರಗಿನ ಹವೆ ಬದಲಾದಂತೆ ಆ ಜಾಗವೂ ಸರಿಯುತ್ತದೆ. ಈ ಲೆಕ್ಕಕ್ಕೆ ಎಐ ಹೇಳಿ ಮಾಡಿಸಿದಂತಿದೆ. ಕೂಲಿಂಗ್ ವಿದ್ಯುತ್ತಿನಲ್ಲಿ ಶೇ. 40ರವರೆಗೆ ಉಳಿತಾಯವೆಂದು 2016ರಲ್ಲಿ ಗೂಗಲ್‌ನದೇ ಎಐ ಕಂಪನಿ ಡೀಪ್‌ಮೈಂಡ್ ಪ್ರಕಟಿಸಿತು. ಆಗ ಎಐ ಕೊಡುತ್ತಿದ್ದದ್ದು ಸಲಹೆ ಮಾತ್ರ. 2018ರ ಹೊತ್ತಿಗೆ ನೇರ ನಿಯಂತ್ರಣವನ್ನೇ ಒಪ್ಪಿಸಿದರು. ಹೇಗೆ ಗೊತ್ತೇ? ಐದು ನಿಮಿಷಕ್ಕೊಮ್ಮೆ ಸಾವಿರಾರು ಸೆನ್ಸರ್‌ಗಳ ರೀಡಿಂಗ್ ಎಐಗೆ ಹೋಗುತ್ತದೆ. ಅದು ಕೊಟ್ಟ ಆಜ್ಞೆಯನ್ನು ಸ್ಥಳದಲ್ಲಿರುವ ನಿಯಂತ್ರಣ ವ್ಯವಸ್ಥೆ ಮತ್ತೆ ಪರೀಕ್ಷಿಸುತ್ತದೆ, ಮಿತಿಯೊಳಗಿದ್ದರೆ ಮಾತ್ರ ಜಾರಿ. ಆಪರೇಟರ್ ಬೇಕೆಂದಾಗ ಎಐಯನ್ನು ಪಕ್ಕಕ್ಕಿಡಬಹುದು. ಐದು ನಿಮಿಷಕ್ಕೊಮ್ಮೆ ಎಂದೆನಲ್ಲ, ಅದನ್ನು ಮರೆಯಬೇಡಿ. ನಡುವಿನ ಪ್ರತಿ ಸೆಕೆಂಡನ್ನೂ ಕಾಯುವುದು ಕೆಳಗಿನ ಲೂಪ್‌ಗಳೇ, ಅಂದರೆ ಸೆನ್ಸರ್, ಕಂಟ್ರೋಲರ್, ವಾಲ್ವ್ ಸೇರಿದ ಸುತ್ತುಗಳೇ.

ಆ ಲೂಪ್ ಕೆಟ್ಟಿದ್ದರೆ? ಸಾಮಾನ್ಯ ಕಾಯಿಲೆ, ಅಂಟಿಕೊಳ್ಳುವ ವಾಲ್ವ್. ಕಂಟ್ರೋಲರ್ ಕಳಿಸುವ ಔಟ್‌ಪುಟ್ ಶೇ. 1 ಏರಿದರೂ ವಾಲ್ವಿನ ದಂಡ, ಅಂದರೆ ಸ್ಟೆಮ್, ಅಲುಗುವುದಿಲ್ಲ, ಶೇ. 2ಕ್ಕೂ ಇಲ್ಲ, ಆಮೇಲೆ ತಟ್ಟನೆ ಜಿಗಿಯುತ್ತದೆ. ಫ್ಲೋ ಮೇಲೆ ಕೆಳಗೆ ಹೊಯ್ದಾಡುತ್ತಲೇ ಇರುತ್ತದೆ. ಪಿಐಡಿ ಬಿಡಿಸಿ ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿ. ಹೊಯ್ದಾಟ ನಿಂತರೆ ದೋಷ ಈ ಲೂಪಿನದು, ನಿಲ್ಲದಿದ್ದರೆ ಹೊರಗಿನಿಂದ ಬರುತ್ತಿದೆ. ಬಳಿಕ ಔಟ್‌ಪುಟನ್ನು ಅರ್ಧರ್ಧ ಪರ್ಸೆಂಟ್ ಏರಿಸುತ್ತ, ಫ್ಲೋ ಎಲ್ಲಿ ಕದಲಿತು ಬರೆದುಕೊಳ್ಳಿ. ಸ್ಟೆಮ್ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಅತಿ ಬಿಗಿಯಾಗಿದೆಯೇ, ಸ್ಟೆಮನ್ನು ಹೇಳಿದ ಜಾಗಕ್ಕೆ ತರುವ ಪೊಸಿಷನರ್‌ನಿಂದ ಗಾಳಿ ಸೋರುತ್ತಿದೆಯೇ ನೋಡಿ. ಗೇನ್, ಅಂದರೆ ಕಂಟ್ರೋಲರ್ ಪ್ರತಿಕ್ರಿಯಿಸುವ ಜೋರು, ತಗ್ಗಿಸಿ ದೋಷ ಮುಚ್ಚಿಹಾಕಬೇಡಿ. ಹೊಯ್ದಾಟ ನಿಧಾನವಾದೀತೇ ಹೊರತು ಹೋಗದು. ಇಂಥ ಲೂಪಿನ ಡೇಟಾ ಉಣಿಸಿದರೆ ಎಐ ಕಲಿಯುವುದು ವಾಲ್ವಿನ ಕಾಯಿಲೆಯನ್ನೇ.

ಡೇಟಾ ಬಗ್ಗೆ ಇನ್ನೊಂದೇ ಮಾತು. ವರ್ಷವಿಡೀ ಸೆಟ್ ಪಾಯಿಂಟ್ 80 ಡಿಗ್ರಿಯಲ್ಲೇ ಕೂತಿದ್ದರೆ, 75ಕ್ಕೆ ಏನಾಗುತ್ತದೆಂದು ಎಐ ಎಲ್ಲಿಂದ ಕಲಿಯಬೇಕು? ಪ್ರೊಡಕ್ಷನ್‌ನವರ ಒಪ್ಪಿಗೆ ಪಡೆದು, ಸುರಕ್ಷಿತ ಮಿತಿಯೊಳಗೆ ಸ್ವಲ್ಪ ಏರಿಸಿ ಇಳಿಸಿ ಪರೀಕ್ಷೆ ಮಾಡಿ.

ಸಮಯ ಮುಗಿಯುತ್ತಿದೆ. ಒತ್ತಡ ಮಿತಿ ಮೀರಿದರೆ ಬಾಯ್ಲರ್ ನಿಲ್ಲಿಸುವ ಹೈ ಪ್ರೆಶರ್ ಟ್ರಿಪ್‌ನಂಥ ಇಂಟರ್‌ಲಾಕ್‌ಗಳನ್ನು, ಅಂದರೆ ರಕ್ಷಣಾ ಏರ್ಪಾಟುಗಳನ್ನು, ಎಐ ಕೈಗೆ ಕೊಡಲೇಬೇಡಿ, ಅವು ಸುರಕ್ಷತೆಗೆಂದೇ ಇರುವ ಪ್ರತ್ಯೇಕ ನಿಯಂತ್ರಣ ಕಂಪ್ಯೂಟರ್‌ನಲ್ಲೇ, ಅಂದರೆ ಸೇಫ್ಟಿ ಪಿಎಲ್‌ಸಿಯಲ್ಲೇ, ಇರಲಿ. ನಾಳೆ ಶಿಫ್ಟ್‌ಗೆ ಹೋದಾಗ ಒಂದು ಲೂಪಿನ ಟ್ರೆಂಡ್ ಗ್ರಾಫ್ ತೆಗೆದು ನೋಡಿ. ನಮಸ್ಕಾರ.