ಕಿಲೋಮೀಟರುಗಳು ಮಾರಾಟಕ್ಕಿವೆ

ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸಲು ಮ್ಯಾರಥಾನ್ ಓಡುತ್ತೇನೆ ಎಂದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಕೊಡುವ ಮನಸ್ಸಿದ್ದರೆ ನೇರವಾಗಿ ಕೊಟ್ಟುಬಿಡು. ಅದಕ್ಕೆ ಮಂಡಿ ಸವೆಸಿಕೊಳ್ಳುವುದೇಕೆ?"

ನ್ಯಾಯವಾದ ಪ್ರಶ್ನೆಯೇ. ಆದರೆ ನಾನೊಬ್ಬಳು ಕೊಡಬಲ್ಲದ್ದು ಅಷ್ಟರಲ್ಲೇ ಇದೆ. ಓಡುತ್ತೇನೆ ಎಂದುಬಿಟ್ಟರೆ ನೂರು ಜನರ ಮುಂದೆ ಕೈಚಾಚುವುದಕ್ಕೆ ಒಂದು ನೆಪ ಸಿಗುತ್ತದೆ. ಓಟದ ಉಪಯೋಗ ಅಷ್ಟೇ. ಅದಕ್ಕೆ ಹೆಚ್ಚಿನ ಬಣ್ಣ ಕಟ್ಟುವುದು ನನಗೆ ಇಷ್ಟವಿಲ್ಲ.

ಈ ನೆಪವನ್ನು ನನಗಿಂತ ಬಹಳ ಮೊದಲು, ಬಹಳ ದೊಡ್ಡದಾಗಿ ಬಳಸಿಕೊಂಡವನು ಕೆನಡಾದ ಟೆರ್ರಿ ಫಾಕ್ಸ್. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಆ ಹುಡುಗ 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನೊಂದಿಗೆ ದೇಶದ ಪೂರ್ವ ತೀರದಿಂದ ಓಟ ಶುರು ಮಾಡಿದ. ದಿನಕ್ಕೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾದಾಗ 143 ದಿನಗಳಲ್ಲಿ 5,373 ಕಿಲೋಮೀಟರ್ ಆಗಿತ್ತು. ಅವನು ಜನರಿಂದ ಬಯಸಿದ್ದು ಎಷ್ಟು ಗೊತ್ತೇ? ತಲೆಗೆ ಒಂದು ಡಾಲರ್. ಮರುವರ್ಷದ ಫೆಬ್ರುವರಿ ಹೊತ್ತಿಗೆ ಕ್ಯಾನ್ಸರ್ ಸಂಶೋಧನೆಗೆ 2.4 ಕೋಟಿ ಡಾಲರ್ ಮೀರಿ ಸೇರಿತ್ತು. ದೇಶದ ಜನಸಂಖ್ಯೆಯೂ ಆಗ ಸುಮಾರು ಅಷ್ಟೇ.

ಈ ವಿಡಿಯೊದಲ್ಲಿ ಈಗ ಪರದೆಯ ಮೇಲೆ ಕಾಣುತ್ತಿರುವುದು ಮಕ್ಕಳ ಆಸ್ಪತ್ರೆಯ ಒಂದು ತಟ್ಟೆ, ಅದರಲ್ಲಿ ಜೋಡಿಸಿಟ್ಟ ಉಸಿರಾಟದ ನಳಿಕೆಗಳು. ಮೊದಲನೆಯದರ ಒಳವ್ಯಾಸ ಎರಡೂವರೆ ಮಿಲಿಮೀಟರ್, ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ. ಪಕ್ಕದ್ದು ಮೂರು, ಅದರಾಚೆಗೆ ಮೂರೂವರೆ. ಹೀಗೆ ಅರ್ಧರ್ಧ ಮಿಲಿಮೀಟರ್ ಏರುತ್ತ ಹೋಗುತ್ತದೆ. ಅಳತೆ ತಪ್ಪಿದರೆ ಒಂದೋ ಗಾಳಿ ಸೋರುತ್ತದೆ, ಇಲ್ಲವೇ ಎಳೆಯ ಶ್ವಾಸನಾಳಕ್ಕೆ ಗಾಯವಾಗುತ್ತದೆ. ರಕ್ತದೊತ್ತಡ ಅಳೆಯುವ ಪಟ್ಟಿಯ ಕಥೆಯೂ ಇದೇ: ತೋಳಿಗೆ ಚಿಕ್ಕದಾದರೆ ಒತ್ತಡವನ್ನು ಹೆಚ್ಚಾಗಿ ತೋರಿಸುತ್ತದೆ, ದೊಡ್ಡದಾದರೆ ಕಡಿಮೆಯಾಗಿ. ಔಷಧಿಯನ್ನು ಬಹುಪಾಲು ಮಗುವಿನ ತೂಕಕ್ಕೆ ಲೆಕ್ಕ ಹಾಕಿ ಕೊಡಬೇಕು. ಮಕ್ಕಳ ಆಸ್ಪತ್ರೆಯ ಉಗ್ರಾಣದಲ್ಲಿ ಒಂದೇ ವಸ್ತು ಹಲವು ಅಳತೆಗಳಲ್ಲಿ ಇರಲೇಬೇಕು, ಯಾವುದು ಯಾವಾಗ ಬೇಕಾಗುತ್ತದೆ ಎಂದು ಹೇಳಲಾಗದು. ಹಣ ಎಲ್ಲಿ ಹೋಗುತ್ತದೆ ಎಂದು ಕೇಳಿದವರಿಗೆಲ್ಲ ನಾನು ಈ ತಟ್ಟೆಯನ್ನೇ ತೋರಿಸಿದೆ.

ವಾರ್ಡಿನ ಮಕ್ಕಳನ್ನು ತೋರಿಸಿಲ್ಲ, ತೋರಿಸುವುದೂ ಇಲ್ಲ. ಕಾಯಿಲೆಯ ಮಗುವಿನ ಮುಖ ಮುಂದಿಟ್ಟು ಹಣ ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಅಂಕಿಗಳೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಹಾಗೂ ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಶೇ. 30 ಕೂಡ ಇಲ್ಲ. ರೋಗ ಅದೇ. ಪತ್ತೆಯಾಗುವುದು ತಡ, ಔಷಧಿ ಕೈಗೆಟುಕುವುದಿಲ್ಲ, ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಕೇಳುವ ಕಷ್ಟ. ಗುಂಪಿಗೆ ಕಳುಹಿಸಿದ ಸಂದೇಶಕ್ಕೆ ಹೆಬ್ಬೆರಳಿನ ಚಿತ್ರಗಳು ಬರುತ್ತವೆ, ಹಣ ಬರುವುದಿಲ್ಲ. "ಕೈಲಾದಷ್ಟು ಕೊಡಿ" ಎಂದರೆ ಎಷ್ಟೆಂದು ತೋಚದೆ ಜನ ಸುಮ್ಮನಾಗುತ್ತಾರೆ. ಹಾಗಾಗಿ ಒಬ್ಬೊಬ್ಬರಿಗೇ ಫೋನ್ ಮಾಡಿ ಕಿಲೋಮೀಟರುಗಳನ್ನು ಮಾರಿದೆ: ಒಂದಕ್ಕೆ ಇಷ್ಟು, ಯಾವುದು ಬೇಕೋ ಆರಿಸಿಕೊಳ್ಳಿ. ಮೊದಲಿನವು ಬೇಗ ಖರ್ಚಾದವು. ಮೂವತ್ತರ ಆಚೆಯವನ್ನು ಕೇಳಿ ಪಡೆದವರೆಲ್ಲ ತಾವೂ ಒಮ್ಮೆ ಓಡಿ ನೋಡಿದವರು! ಮ್ಯಾರಥಾನಿನ ದೂರ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರವೇ 1921ರಲ್ಲಿ ಅಧಿಕೃತವಾಯಿತು. ಬಾಲದಂತೆ ಉಳಿದ ಆ 195 ಮೀಟರನ್ನು ಅಕ್ಕನ ಮಗಳು ಚೌಕಾಸಿ ಮಾಡಿ ಕೊಂಡುಕೊಂಡಳು.

ಓಟದ ದೃಶ್ಯಗಳನ್ನು ಚಿಕ್ಕದಾಗಿಸಿದ್ದೇನೆ. ಬೇರೆಯವರು ಓಡುವುದನ್ನು ನೋಡುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಇಲ್ಲಿ ನೋಡಿ, ಕಾಗದದ ಲೋಟದ ಬಾಯಿಯನ್ನು ಎರಡು ಬೆರಳಿನಲ್ಲಿ ಹಿಸುಕಿ ಕೊಕ್ಕಿನಂತೆ ಮಾಡಿಕೊಳ್ಳುತ್ತಿದ್ದೇನೆ. ಹಾಗೆ ಮಾಡದೆ ಓಡುತ್ತ ಕುಡಿದರೆ ಅರ್ಧ ನೀರು ಮೂಗಿಗೇ. ಬಾಯಾರಿಕೆ ಮೀರಿ ಕುಡಿಯುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ಓಟಗಾರರು ಕುಸಿದು ಬಿದ್ದದ್ದುಂಟು.

ಇದು ಮೂವತ್ತೆರಡರ ನಂತರ. ಓಟಗಾರರು ಗೋಡೆ ಎನ್ನುವುದು ಇದನ್ನೇ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಶೇಖರವಾಗಿದ್ದ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆಯ ದಾಸ್ತಾನು, ತಳ ಕಾಣುತ್ತದೆ. ಕೊಬ್ಬು ಬೇಕಾದಷ್ಟಿದ್ದರೂ ಅದು ಅಷ್ಟು ಬೇಗ ಶಕ್ತಿ ಕೊಡುವುದಿಲ್ಲ. ಕಾಲು ನನ್ನದಲ್ಲ ಅನ್ನಿಸುತ್ತದೆ, ಯಾರ ಮೇಲೋ ಸಿಟ್ಟೂ ಬರುತ್ತದೆ. ಮೂವತ್ತನಾಲ್ಕನೆಯದು ನಮ್ಮ ಶಾಲೆಯ ವ್ಯಾಯಾಮದ ಮೇಷ್ಟ್ರು ಕೊಂಡ ಕಿಲೋಮೀಟರ್. "ನನ್ನದರಲ್ಲಿ ನಡೆಯಕೂಡದು" ಎಂದು ಷರತ್ತು ಹಾಕಿಯೇ ಹಣ ಕೊಟ್ಟಿದ್ದರು. ನಡೆಯಲಿಲ್ಲ, ಮೇಷ್ಟ್ರೇ. ಮೂವತ್ತೈದನೆಯದರಲ್ಲಿ ಬಹುಪಾಲು ನಡೆದೆ. ಅದನ್ನು ಕೊಂಡ ಸಹೋದ್ಯೋಗಿ ನನ್ನ ವಿಡಿಯೊಗಳನ್ನು ನೋಡುವುದಿಲ್ಲ.

ಮುಗಿಸಿದೆ. ಪದಕ ಸಿಕ್ಕಿತು. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ.

ಈಗ ಬಾಕಿ ವಸೂಲಿ. "ಮೊದಲು ಓಡಿ ಮುಗಿಸು, ಆಮೇಲೆ ಕೊಡುತ್ತೇನೆ" ಎಂದವರ ಪಟ್ಟಿ ನನ್ನ ಮೇಜಿನ ಮೇಲಿದೆ, ಕಿಲೋಮೀಟರಿನ ಸಂಖ್ಯೆ ಸಮೇತ. ನಾಳೆ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ದಯವಿಟ್ಟು ಎತ್ತಿ.