ಬೇಸಿಗೆಯಲ್ಲಿ ಟ್ರೌಟ್ ಎಲ್ಲಿ ಹೋಗುತ್ತದೆ? ಬೆಟ್ಟದ ಸರೋವರದಲ್ಲಿ ಫ್ಲೈ ಫಿಶಿಂಗ್

ನಮಸ್ಕಾರ ಎಲ್ಲರಿಗೂ.

ಬೇಸಿಗೆ ಕಾವೇರಿದ ಕೂಡಲೇ ಗಾಳ ಹಾಕುವವರ ಬಾಯಲ್ಲಿ ಒಂದೇ ಮಾತು. "ಹೋದ ತಿಂಗಳು ಇದೇ ದಡದಲ್ಲಿ ಟ್ರೌಟ್ ಚೆನ್ನಾಗಿ ಸಿಗುತ್ತಿತ್ತು, ಈಗ ಒಂದೂ ಇಲ್ಲ." ಫ್ಲೈ, ಅಂದರೆ ಹುಳದ ಹಾಗೆ ಕಾಣಲು ಗರಿ, ನೂಲು ಸುತ್ತಿದ ಕೊಕ್ಕೆ, ಅದನ್ನು ಬದಲಾಯಿಸುತ್ತಾರೆ, ಬಣ್ಣ ಬದಲಾಯಿಸುತ್ತಾರೆ, ಇನ್ನೂ ದೂರ ಎಸೆದು ನೋಡುತ್ತಾರೆ. ಮೀನು ಇದ್ದರೆ ತಾನೆ ಕಚ್ಚುವುದು? ಅದು ಜಾಗ ಬಿಟ್ಟು ಹೋಗಿರುತ್ತದೆ. ಎಲ್ಲಿಗೆ ಅಂತ ಗೊತ್ತಾಗಬೇಕಾದರೆ ಫ್ಲೈ ಬಾಕ್ಸ್‌ಗಿಂತ ಮೊದಲು ಥರ್ಮಾಮೀಟರ್ ಹೊರಗೆ ಬರಬೇಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ.

[ದೃಶ್ಯ: ಮೀಟರ್‌ಗೊಂದು ಗಂಟು ಹಾಕಿದ ದಾರ, ತುದಿಯಲ್ಲಿ ಥರ್ಮಾಮೀಟರ್, ನಿಧಾನವಾಗಿ ನೀರಿಗೆ ಇಳಿಯುತ್ತಿದೆ]

ಟ್ರೌಟ್ ತಣ್ಣೀರಿನ ಮೀನು. ರೇನ್‌ಬೋ ಆಗಲಿ, ಬ್ರೌನ್ ಆಗಲಿ, ನೀರು ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕಾಗಿ ಓಡಾಡಿ ತಿನ್ನುತ್ತದೆ. 20 ದಾಟಿತು ಅಂದರೆ ಅದಕ್ಕೆ ಕಷ್ಟ ಶುರು. 25ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಬಿಸಿಯಾದ ನೀರಿನಲ್ಲಿ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು, ಆದರೆ ಅದೇ ಬಿಸಿ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಸಮುದ್ರ ಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, 20 ಡಿಗ್ರಿಗೆ ಅದು 9ಕ್ಕೆ ಇಳಿಯುತ್ತದೆ. ಬೆಟ್ಟದ ಮೇಲೆ ಗಾಳಿಯ ಒತ್ತಡವೇ ಕಡಿಮೆ ಅಲ್ವಾ, 2500 ಮೀಟರ್ ಎತ್ತರದಲ್ಲಿ ಇದರಲ್ಲೂ ಕಾಲು ಭಾಗ ಕಳೆದುಹೋಗುತ್ತದೆ.

ಈಗ ನೀರಿನ ಪದರಗಳಿಗೆ ಬರೋಣ. ಬಿಸಿ ನೀರು ಹಗುರ, ತಣ್ಣೀರು ಭಾರ. ಬಿಸಿಲು ಏರುತ್ತಾ ಹೋದಂತೆ ಹಾಲಿನ ಮೇಲೆ ಕೆನೆ ನಿಂತ ಹಾಗೆ ಬಿಸಿ ನೀರು ಮೇಲೆ ನಿಲ್ಲುತ್ತದೆ, ತಣ್ಣೀರು ತಳದಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಒಂದು ತೆಳು ಪದರ ಇರುತ್ತದೆ, ಅಲ್ಲಿ ಒಂದೊಂದು ಮೀಟರ್ ಇಳಿದಂತೆ ಒಂದು ಡಿಗ್ರಿಯೋ ಅದಕ್ಕಿಂತ ಜಾಸ್ತಿಯೋ ತಂಪಾಗುತ್ತಾ ಹೋಗುತ್ತದೆ. ಅದನ್ನೇ ಥರ್ಮೋಕ್ಲೈನ್ ಅನ್ನುತ್ತಾರೆ. ಹಾಗಾದರೆ ಮೀನು ತಳಕ್ಕೇ ಹೋಗಿ ಕೂರಬಹುದಲ್ಲ ಅಂತ ಅನ್ನಿಸಬಹುದು. ತಳದಲ್ಲಿ ಪಾಚಿ, ಎಲೆ, ಕಸ ಕೊಳೆಯುತ್ತಿರುತ್ತದೆ. ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಮೇಲಿನ ಪದರ ಮುಚ್ಚಳದ ಹಾಗೆ ಕೂತಿರುವುದರಿಂದ ಹೊಸದು ಕೆಳಗೆ ಬರುವುದಿಲ್ಲ. ಪಾಚಿ ಜಾಸ್ತಿ ಇರುವ ನೀರಿನಲ್ಲಿ ಬೇಸಿಗೆಯ ಕೊನೆಗೆ ತಳ ಉಸಿರಾಡಲು ಆಗದ ಜಾಗವಾಗುತ್ತದೆ. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ. ಟ್ರೌಟ್ ಈ ಎರಡರ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ.

ಇದರಲ್ಲಿ ನಮಗೆ ಅನುಕೂಲ ಏನೆಂದರೆ, ಹುಡುಕಬೇಕಾದ ನೀರು ಕಡಿಮೆಯಾಯಿತು. ದಾರ ಇಳಿಸಿ, ಒಂದೊಂದು ಗಂಟಿಗೂ ಒಂದು ನಿಮಿಷ ಬಿಟ್ಟು ಎತ್ತಿ ನೋಡಿ. 16, 17 ಡಿಗ್ರಿ ಯಾವ ಗಂಟಿಗೆ ಸಿಗುತ್ತದೋ ಫ್ಲೈ ಆ ಆಳದಲ್ಲಿ ಇರಬೇಕು. ಎಸೆದು ಎಸೆದು ಕೈ ಸೋಲಿಸಿಕೊಳ್ಳುವುದಕ್ಕಿಂತ ಇದಕ್ಕೆ ಅರ್ಧ ಗಂಟೆ ಕೊಡುವುದು ಎಷ್ಟೋ ಮೇಲು.

ಎಲ್ಲ ನೀರೂ ಹೀಗೇ ಇರುವುದಿಲ್ಲ. ತೀರಾ ಎತ್ತರದಲ್ಲಿ, ಮರಗಳ ಸಾಲೂ ಮುಗಿದ ಮೇಲೆ ಸಿಗುವ ಚಿಕ್ಕ ಸರೋವರಗಳಲ್ಲಿ ಹಿಮ ಕರಗುವುದೇ ತಡವಾಗಿ, ಕೆಲವು ಸರೋವರಗಳ ನೀರು ಬೇಸಿಗೆ ಪೂರ್ತಿ 15 ಡಿಗ್ರಿ ಮುಟ್ಟುವುದೇ ಇಲ್ಲ. ಅಲ್ಲಿ ಮೀನು ಇಡೀ ದಿನ ದಡದ ಹತ್ತಿರವೇ ಸುತ್ತುತ್ತದೆ. ತಿನ್ನಲು ಸಿಗುವ ಕಾಲ ಕಡಿಮೆ ಆದ್ದರಿಂದ ಸಿಕ್ಕಿದ್ದನ್ನು ಬಿಡುವುದಿಲ್ಲ. ಇಂಥ ಕಡೆ ನೀರಿನ ಬಣ್ಣ ನೋಡಿ. ತಿಳಿ ಹಸಿರು ಮುಗಿದು ಒಮ್ಮೆಲೇ ಕಡುನೀಲಿ ಶುರುವಾಗುವ ಗೆರೆ ಕಾಣುತ್ತದಲ್ಲ, ನೆಲ ಅಲ್ಲಿ ಕಡಿದಾಗಿ ಇಳಿದಿದೆ. ಟ್ರೌಟ್ ಆ ಅಂಚನ್ನು ಹಿಡಿದು ಗಸ್ತು ತಿರುಗುತ್ತದೆ. ನದಿಯಲ್ಲಿ ಮೀನು ನಿಂತಿರುತ್ತದೆ, ತಿಂಡಿ ಅದರ ಹತ್ತಿರ ಹರಿದು ಬರುತ್ತದೆ. ಸರೋವರದಲ್ಲಿ ತಿಂಡಿ ಇರುವಲ್ಲಿಗೆ ಮೀನೇ ಹೋಗಬೇಕು. ಅದಕ್ಕೇ ಬಂದ ಕೂಡಲೇ ನೀರಿಗೆ ಇಳಿಯಬೇಡಿ. ಹಿಂದೆ ಸರಿದು, ಬಗ್ಗಿ ಕೂತು, ಒಂದು ಹತ್ತು ನಿಮಿಷ ಸುಮ್ನೆ ನೋಡಿ. ಅದೇ ಮೀನು ಅದೇ ದಾರಿಯಲ್ಲಿ ಮತ್ತೆ ಬರುವುದು ಕಾಣುತ್ತದೆ.

ಬಗ್ಗಿ ಕೂರಿ ಅಂತ ಸುಮ್ನೆ ಹೇಳಿದ್ದಲ್ಲ. ನೀರಿನ ಒಳಗಿಂದ ಮೀನಿಗೆ ಹೊರಗಿನ ಪ್ರಪಂಚ ತಲೆಯ ಮೇಲಿನ ಒಂದು ದುಂಡಗಿನ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ, ಸುಮಾರು 97 ಡಿಗ್ರಿ ಕೋನದಷ್ಟು. ಬೆಳಕು ಬಾಗುವುದರಿಂದ ದಡದಲ್ಲಿ ನಿಂತವರೂ ಆ ಕಿಟಕಿಯ ಅಂಚಿನಲ್ಲಿ ಬಂದುಬಿಡುತ್ತಾರೆ. ಎತ್ತರ ಕಡಿಮೆ ಮಾಡಿಕೊಂಡಷ್ಟೂ ಅದರ ಕಣ್ಣು ತಪ್ಪಿಸುವುದು ಸುಲಭ.

[ದೃಶ್ಯ: ನೀರು ಇಳಿದ ಜಲಾಶಯ, ಬರಿದಾದ ದಡದ ಪಟ್ಟೆಗಳು]

ಜಲಾಶಯದ ಕಥೆ ಬೇರೆ. ಬೇಸಿಗೆಯಲ್ಲಿ ನೀರು ಬಿಡುತ್ತಾರೆ, ಮಟ್ಟ ಇಳಿಯುತ್ತಾ ಹೋಗುತ್ತದೆ, ಹೋದ ತಿಂಗಳು ಹುಳ ತುಂಬಿದ್ದ ದಡ ಈ ತಿಂಗಳು ಒಣಗಿದ ಮಣ್ಣು. ಇನ್ನೂ ಒಂದು ಸಂಗತಿ ಇದೆ. ಹಲವು ಅಣೆಕಟ್ಟುಗಳಲ್ಲಿ ನೀರು ಹೊರಹೋಗುವ ಬಾಗಿಲು ತಳದ ಹತ್ತಿರ ಇರುತ್ತದೆ, ಹಾಗಾಗಿ ಮೊದಲು ಖಾಲಿಯಾಗುವುದೇ ತಣ್ಣೀರು. ಅಣೆಕಟ್ಟಿನ ಕೆಳಗಿನ ನದಿ ಬೇಸಿಗೆಯಲ್ಲೂ ತಂಪಾಗಿರುವುದು ಇದರಿಂದಲೇ. ಮೇಲಿನ ಹಿನ್ನೀರಿನಲ್ಲಿ ಮಾತ್ರ ಟ್ರೌಟ್‌ಗೆ ಜಾಗ ಕಿರಿದಾಗುತ್ತಾ ಬರುತ್ತದೆ. ಮುಳುಗಿದ ಹಳೆಯ ನದಿಯ ಪಾತ್ರ ಎಲ್ಲಿದೆ, ತೊರೆ ಎಲ್ಲಿ ಬಂದು ಸೇರುತ್ತದೆ, ಎರಡು ಗುಡ್ಡಗಳ ಇಳಿಜಾರು ನೀರಿನೊಳಗೆ ಎಲ್ಲಿ ಕೂಡುತ್ತದೆ, ಇವನ್ನು ನೋಡಿಕೊಳ್ಳಿ. ನೀರು ಪೂರ್ತಿ ಇಳಿದಾಗ ಒಮ್ಮೆ ಹೋಗಿ ಬರಿದಾದ ನೆಲದ ಫೋಟೋ ತೆಗೆದಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಅದೇ ನಕ್ಷೆ. ಆದರೆ ಹೊಸದಾಗಿ ಬಯಲಾದ ಕೆಸರಿನ ಮೇಲೆ ಕಾಲಿಡಬೇಡಿ, ಮೇಲೆ ಒಣಗಿದಂತೆ ಕಂಡರೂ ಒಳಗೆ ಕುಸಿಯುತ್ತದೆ. ನೀರು ಹೊರಹೋಗುವ ಬಾಗಿಲ ಹತ್ತಿರವಂತೂ ಬೇಡವೇ ಬೇಡ.

ಗಾಳಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಗಾಳಿ ಮೇಲಿನ ಬಿಸಿ ನೀರನ್ನು ಎದುರು ದಡಕ್ಕೆ ತಳ್ಳುತ್ತದೆ, ಆ ಜಾಗಕ್ಕೆ ಈಚೆ ದಡದಲ್ಲಿ ಕೆಳಗಿನ ತಣ್ಣೀರು ಏಳುತ್ತದೆ. ತೇಲುವ ಹುಳಗಳೆಲ್ಲ ಎದುರು ದಡಕ್ಕೆ ಹೋಗುವುದರಿಂದ ಅಲ್ಲೇ ನಿಲ್ಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ವಸಂತದಲ್ಲಿ ಅದು ಸರಿ. ಕಡು ಬೇಸಿಗೆಯಲ್ಲಿ ಎರಡೂ ದಡದಲ್ಲಿ ನೀರು ಅಳೆದು ನೋಡದೆ ನಾನು ಆ ಮಾತನ್ನು ಒಪ್ಪುವುದಿಲ್ಲ.

ಇನ್ನು ಮೀನಿನ ಊಟ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದ್ರೆ ಸರೋವರದ ಟ್ರೌಟ್ ಹೊಟ್ಟೆಯಲ್ಲಿ ಅತಿ ಹೆಚ್ಚು ಸಿಗುವುದು ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಪುಟ್ಟ ನೊರಜು. ಕೈರೋನೊಮಿಡ್ ಅಂತ ಹೆಸರು. ನೋಡಲು ಸೊಳ್ಳೆಯ ಹಾಗೆ, ಆದರೆ ಕಚ್ಚುವುದಿಲ್ಲ. ಇದರ ಮರಿ ತಳದ ಕೆಸರಿನಲ್ಲಿ ಬೆಳೆಯುತ್ತದೆ, ಆಮೇಲೆ ಪ್ಯೂಪಾ, ಅಂದರೆ ರೆಕ್ಕೆ ಬರುವ ಮೊದಲಿನ ಹಂತದ ಹುಳ, ಆಗಿ ಮೇಲಕ್ಕೆ ಏರುತ್ತದೆ.

[ದೃಶ್ಯ: ಗಾಜಿನ ಬಟ್ಟಲಿನಲ್ಲಿ ಒಂದು ಪ್ಯೂಪಾ, ಹತ್ತಿರದಿಂದ]

ಹತ್ತಿರದಿಂದ ನೋಡಿ. ಮೈ ಸಣ್ಣ ಕೊಕ್ಕೆಯಂತೆ ಬಾಗಿದೆ, ಉಂಗುರ ಉಂಗುರವಾಗಿದೆ. ತಲೆಯ ಹತ್ತಿರ ಬಿಳಿ ಕುಚ್ಚು, ಅದು ಕಿವಿರು. ಮೈಯ ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತಿರುವುದು ಗಾಳಿ. ಚರ್ಮದ ಕೆಳಗೆ ಸೇರಿಕೊಂಡ ಆ ಗಾಳಿಯೇ ಇದನ್ನು ಮೇಲಕ್ಕೆ ಎತ್ತುತ್ತದೆ. ಒಂದಿಷ್ಟು ಒದ್ದಾಡುತ್ತದೆ, ನಿಲ್ಲುತ್ತದೆ, ಮತ್ತೆ ಒದ್ದಾಡುತ್ತದೆ. ನೀರಿನ ಮೇಲ್ಪದರಕ್ಕೆ ಬಂದು ಅದನ್ನು ಸೀಳಿ ಹೊರಬರುವ ಮೊದಲು ಸ್ವಲ್ಪ ಹೊತ್ತು ಅಲ್ಲೇ ನೇತಾಡುತ್ತದೆ. ಟ್ರೌಟ್ ಇದನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ, ಬಾಯಿ ತೆರೆದು ನಿಧಾನವಾಗಿ ತೇಲಿದರೆ ಸಾಕು. ನಿಮ್ಮ ಫ್ಲೈ ಕೂಡ ಅಷ್ಟೇ ನಿಧಾನ ಇರಬೇಕು. ತೇಲುವ ಲೈನ್, ಅದರ ತುದಿಗೆ ಲೀಡರ್ ಅನ್ನುವ ಉದ್ದನೆಯ ತೆಳು ದಾರ, ಮೇಲೆ ಇಂಡಿಕೇಟರ್ ಅನ್ನುವ ಪುಟ್ಟ ತೇಲುಬುಂಡೆ, ಕೆಳಗೆ 12ರಿಂದ 18 ನಂಬರಿನ ಕೊಕ್ಕೆಗೆ ಕಟ್ಟಿದ ಪ್ಯೂಪಾ, ಥರ್ಮಾಮೀಟರ್ ಹೇಳಿದ ಆಳಕ್ಕೆ ಇಳಿಬಿಟ್ಟು ಕಾಯುವುದು. ಅಲೆ ಅದನ್ನು ಸಣ್ಣಗೆ ಎತ್ತಿ ಇಳಿಸುತ್ತದೆ, ನೀವು ಬೇರೇನೂ ಮಾಡಬೇಕಾಗಿಲ್ಲ. ಇಂಡಿಕೇಟರ್ ಸ್ವಲ್ಪ ಅಲುಗಿದರೂ ಎಳೆಯಿರಿ, ಯಾಕಂದ್ರೆ ಎಷ್ಟೋ ಸಲ ಅಷ್ಟೇ ಗೊತ್ತಾಗುವುದು.

ಬೆಳಗ್ಗೆ ಜೊಂಡು ಇರುವ ಕಡೆ ಡ್ಯಾಮ್ಸೆಲ್‌ಫ್ಲೈ ನೋಡಿ. ಏರೋಪ್ಲೇನ್ ಚಿಟ್ಟೆಯ ತೆಳ್ಳಗಿನ ಬಂಧು ಇದು. ನಿಂಫ್ ಅನ್ನುವ ಇದರ ನೀರಿನೊಳಗಿನ ಮರಿ ಮೈ ಪೂರ್ತಿ ಅಂಕುಡೊಂಕಾಗಿ ಆಡಿಸುತ್ತಾ ದಡದ ಕಡೆಗೆ ಈಜುತ್ತದೆ, ಜೊಂಡು ಹತ್ತಿ ಪೊರೆ ಬಿಡಲು. ಅದು ಹೋಗುವ ದಿಕ್ಕಿನಲ್ಲೇ, ಅಂದರೆ ಆಳದಿಂದ ದಡಕ್ಕೆ, ನಿಮ್ಮ ಹಸಿರು ನಿಂಫ್ ಕೂಡ ಬರಬೇಕು. ಮಧ್ಯಾಹ್ನ ಗಾಳಿ ಎದ್ದ ಮೇಲೆ ರೆಕ್ಕೆ ಇರುವೆ, ಜೀರುಂಡೆ, ಮಿಡತೆ ಇವೆಲ್ಲ ನೀರಿಗೆ ಬೀಳುತ್ತವೆ, ಆಗ ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ಕಾಲ. ಏನೂ ಕಾಣದಿದ್ದರೆ ಕಪ್ಪು ಅಥವಾ ಆಲಿವ್ ಬಣ್ಣದ ವೂಲಿ ಬಗ್ಗರ್ ಅನ್ನುವ ಫ್ಲೈ ಆಳದಲ್ಲಿ ಎಳೆಯಿರಿ, ಜಿಗಣೆ ಅಂತ ತಿಳಿದು ಕಚ್ಚುತ್ತದೆ. ಡಾಫ್ನಿಯಾ ಅನ್ನುವ ನೀರುಚಿಗಟವನ್ನೂ ಮರೆಯಬೇಡಿ. ಬಿಸಿಲಿಗೆ ಅದು ಆಳಕ್ಕೆ ಇಳಿಯುತ್ತದೆ, ಕತ್ತಲಾದಂತೆ ಮೇಲೇರುತ್ತದೆ, ಹಿಂದೆಯೇ ಮೀನು.

ಸಲಕರಣೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 9ರಿಂದ 10 ಅಡಿಯ 5 ಅಥವಾ 6 ವೇಟ್ ರಾಡ್ ಸಾಕು, ವೇಟ್ ಅಂದರೆ ಆ ರಾಡ್‌ಗೆ ಹೊಂದುವ ಲೈನ್‌ನ ತೂಕದ ನಂಬರ್. ಹಣ ಇದ್ದರೆ ಎರಡನೇ ರಾಡ್ ಬೇಡ, ಮುಳುಗುವ ಲೈನ್ ಕೊಳ್ಳಿ. ಟೈಪ್ 3 ಲೈನ್ ಸೆಕೆಂಡಿಗೆ ಸುಮಾರು 3 ಇಂಚು ಮುಳುಗುತ್ತದೆ. ಎಸೆದು 20 ಎಣಿಸಿದರೆ 60 ಇಂಚು, ಅಂದರೆ 5 ಅಡಿ. 40 ಎಣಿಸಿದರೆ 10 ಅಡಿ. ಕಚ್ಚಿದಾಗ ಎಷ್ಟು ಎಣಿಸಿದ್ದಿರಿ ಅಂತ ನೆನಪಿಟ್ಟುಕೊಂಡು ಮುಂದಿನ ಸಲ ಅಷ್ಟೇ ಎಣಿಸಿ. ಎಳೆಯುವಾಗ ರಾಡ್‌ನ ತುದಿ ನೀರಿಗೆ ತಾಗುವಷ್ಟು ಕೆಳಗಿರಲಿ, ಲೈನ್ ನೆಟ್ಟಗಿರಲಿ. ಮೀನು ಮುಟ್ಟಿದರೆ ರಾಡ್ ಎತ್ತಬೇಡಿ, ಲೈನ್ ಹಿಡಿದ ಕೈಯಿಂದಲೇ ಎಳೆಯಿರಿ.

ಹೊತ್ತಿನ ಬಗ್ಗೆ ಒಂದು ಮಾತು. ಸಂಜೆ ತಂಪು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಂಪಾಗಿರುವುದು ಗಾಳಿ, ನೀರಲ್ಲ. ದಿನದ ಬಿಸಿಲೆಲ್ಲ ಕುಡಿದ ಮೇಲ್ಪದರ ಸಂಜೆಯ ಹೊತ್ತಿಗೆ ಇನ್ನೂ ಬಿಸಿಯಾಗಿಯೇ ಇರುತ್ತದೆ. ಅದು ಅತ್ಯಂತ ತಂಪಾಗಿರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಬೆಳಗಿನ ಜಾವ ಹೋಗಿ. ಇನ್ನೊಂದು ಕಾರಣವೂ ಇದೆ, ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮೋಡ ಕಟ್ಟುವುದು ಮಾಮೂಲು. ನಿಮ್ಮ ಕೈಯಲ್ಲಿರುವ ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿಸಿತೋ, ರಾಡ್ ಕೆಳಗಿಟ್ಟು ನೀರಿನಿಂದ ದೂರ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಹಿಡಿದು ಬಿಟ್ಟರೆ ಮೀನು ಬದುಕುತ್ತದೆ ಅಂತ ನಾವು ನಂಬಿದ್ದೇವೆ. ತಣ್ಣೀರಿನಲ್ಲಿ ಹೆಚ್ಚಾಗಿ ಬದುಕುತ್ತದೆ. ಬಿಸಿ ನೀರಿನಲ್ಲಿ ಜಗ್ಗಾಡಿ ಸುಸ್ತಾದ ಟ್ರೌಟ್ ಈಜಿಕೊಂಡು ಹೋದಂತೆ ಕಾಣುತ್ತದೆ, ಆಮೇಲೆ ನಮ್ಮ ಕಣ್ಣಿಗೆ ಬೀಳದ ಕಡೆ ಸಾಯಬಹುದು. ಆಳದ ತಂಪಿನಲ್ಲಿ ಕಚ್ಚಿದ ಮೀನನ್ನೂ ನಾವು ಎಳೆದು ತರುವುದು ಅದೇ ಬಿಸಿ ಮೇಲ್ಪದರದ ಮೂಲಕ, ಮರೆಯಬೇಡಿ. ಆದ್ದರಿಂದ ಸ್ವಲ್ಪ ದಪ್ಪ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ಕೊನೆಯ ತುಂಡು ದಾರ, ಬಳಸಿ ಬೇಗ ಎಳೆದುಕೊಳ್ಳಿ. ಕೊಕ್ಕೆಯ ತುದಿಯ ಹತ್ತಿರ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಮೊದಲೇ ಒತ್ತಿ ಚಪ್ಪಟೆ ಮಾಡಿರಿ. ರಬ್ಬರ್ ಬಲೆ ಬಳಸಿ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಇಲ್ಲದಿದ್ದರೆ ಮೈ ಮೇಲಿನ ಲೋಳೆ ಕಿತ್ತುಬರುತ್ತದೆ. ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ. ಫೋಟೋ ಬೇಕೇ ಬೇಕು ಅಂದರೆ ಕ್ಯಾಮೆರಾ ಮೊದಲು ಸಿದ್ಧ ಮಾಡಿಕೊಂಡು, ಮೀನನ್ನು ಒಂದೆರಡು ಸೆಕೆಂಡ್ ಮಾತ್ರ ಎತ್ತಿ. ಬಿಡುವಾಗ ಹಿಂದೆ ಮುಂದೆ ಅಲ್ಲಾಡಿಸಬೇಡಿ, ನೆಟ್ಟಗೆ ಹಿಡಿದಿರಿ, ತಾನಾಗಿಯೇ ಹೊರಡುತ್ತದೆ.

ಮೇಲಿನ ನೀರು 20 ಡಿಗ್ರಿ ಮುಟ್ಟಿದೆಯಾ? ಹಿಡಿದು ಬಿಡುವ ಆಟ ಅಲ್ಲಿಗೆ ನಿಲ್ಲಿಸಿ. ಅಲ್ಲಿನ ನಿಯಮ ಒಪ್ಪುವುದಾದರೆ ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ರಾಡ್ ಮಡಚುವುದು, ಇಪ್ಪತ್ತು ಮೀನು ಹಿಡಿದು ಬಿಡುವುದಕ್ಕಿಂತ ಸರೋವರಕ್ಕೆ ಒಳ್ಳೆಯದು. ಇಲ್ಲವಾದರೆ ಇನ್ನೂ ಎತ್ತರದ ಸರೋವರಕ್ಕೆ ಹತ್ತಿ. ಹೊರಡುವ ಮೊದಲು ಬೂಟು, ಬಲೆ, ನೀರಿಗಿಳಿಯಲು ಹಾಕುವ ವೇಡರ್ ಪ್ಯಾಂಟ್ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಿ, ಒಂದು ನೀರಿನ ರೋಗ, ಪಾಚಿ ಇನ್ನೊಂದಕ್ಕೆ ಹೋಗುವುದು ಒದ್ದೆ ಬೂಟಿನಲ್ಲೇ.

ಪ್ಯೂಪಾ ಫ್ಲೈ ಕಟ್ಟುವುದು ಹೇಗೆ, ಆ ಬಿಳಿ ಕಿವಿರು, ಬೆಳ್ಳಿ ಹೊಳಪು ಬರಿಸುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.