ಮನೆ ಸಾಹೇಬರದು, ನೆಲ ಸರಕಾರದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾವಿಯ ಖಡೇಬಜಾರಿನ ಗದ್ದಲ ದಾಟಿ ಕ್ಯಾಂಪಿನ, ಅಂದರೆ ದಂಡಿನ ಕಂಟೋನ್ಮೆಂಟಿನ, ಕಡೆಗೆ ನಡೆದವರಿಗೆ ಗೊತ್ತು, ಎಲ್ಲೋ ಒಂದು ತಿರುವಿನಲ್ಲಿ ಊರಿನ ಸದ್ದು ಹಿಂದೆ ಉಳಿದುಬಿಡುತ್ತದೆ. ಎರಡೂ ಬದಿಗೆ ಹಳೆಯ ಮರಗಳು, ಮೊಣಕಾಲೆತ್ತರದ ಕಲ್ಲಿನ ಕಂಪೌಂಡು, ಬಹಳ ಒಳಗೆ ಹಂಚಿನ ಮಾಡಿನ ಬಂಗಲೆ. ಗೇಟಿನ ಕಂಬದ ಮೇಲೆ ಒಂದು ಸಂಖ್ಯೆ. ಅಂಥದೊಂದು ಬಂಗಲೆಯಲ್ಲಿ ನನ್ನ ಅಜ್ಜ ಮಾಳಿಯಾಗಿದ್ದರು. ಅವರ ಕಾಲದಲ್ಲಿ ಮೂವರು ಯಜಮಾನರು ಬದಲಾದರು, ಮಾಳಿ ಬದಲಾಗಲಿಲ್ಲ. ಈ ಮನೆ ಯಾರದು ಎಂದು ನಾನು ಚಿಕ್ಕವನಿದ್ದಾಗ ಕೇಳಿದರೆ ಅಜ್ಜ, “ಮನೆ ಸಾಹೇಬರದು, ನೆಲ ಸರಕಾರದ್ದು” ಎನ್ನುತ್ತಿದ್ದರು. ಒಗಟು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಕಾಗದಪತ್ರ ಓದಿದಾಗ ತಿಳಿಯಿತು, ಒಂದು ಶತಮಾನಕ್ಕೂ ಮಿಕ್ಕಿದ ಕಾನೂನನ್ನು ಅಜ್ಜ ಒಂದೇ ಸಾಲಿನಲ್ಲಿ ಹೇಳಿದ್ದರು.

1818ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥಾಮಸ್ ಮನ್ರೋನ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿ ಪೇಶ್ವೆಯವರ ಕೈಯಿಂದ ಬೆಳಗಾವಿಯ ಕೋಟೆಯನ್ನು ತೆಗೆದುಕೊಂಡಿತು. ಈ ಊರಿನ ತಂಪು ಹವೆ ಇಂಗ್ಲಿಷರಿಗೆ ಹಿಡಿಸಿತು, ಕೋಟೆಯ ಪಶ್ಚಿಮಕ್ಕೆ ದಂಡು ಬೀಡುಬಿಟ್ಟಿತು. ಬಿಳಿಯ ಸಿಪಾಯಿಗಳಿಗೆ ಸಾಲುಮನೆ ಕಟ್ಟಿಸಿಕೊಟ್ಟ ಕಂಪನಿ, ಅಧಿಕಾರಿಗಳಿಗೆ ಮಾತ್ರ “ಜಾಗ ಕೊಡುತ್ತೇವೆ, ಮನೆ ನೀವೇ ಕಟ್ಟಿಕೊಳ್ಳಿ” ಎಂದಿತು. ಕಟ್ಟಿದ ಗೋಡೆ, ಮಾಡು, ಬಾಗಿಲು ಕಟ್ಟಿದವರವು. ನೆಲ ಕಂಪನಿಯದು. ಬೇಕೆನಿಸಿದರೆ ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ಮಾತ್ರ ಕೈಗಿಟ್ಟು, ಜಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. 1836ರ ಸೆಪ್ಟೆಂಬರ್‌ನಲ್ಲಿ ಬಂಗಾಳದ ಸೈನ್ಯಕ್ಕಾಗಿ ಹೊರಟ 179ನೆಯ ಆದೇಶದಲ್ಲಿ ಈ ಷರತ್ತುಗಳನ್ನು ಬಿಡಿಸಿ ಬರೆದಿದ್ದರು. ಮುಂಬಯಿ, ಮದ್ರಾಸ್ ಆಧಿಪತ್ಯಗಳಲ್ಲೂ ಹೆಚ್ಚುಕಡಿಮೆ ಇದೇ ಕಟ್ಟಳೆ. ಕ್ಯಾಂಪಿನಲ್ಲಿ ಇದಕ್ಕೆ ಇರುವ ಹೆಸರು ‘ಓಲ್ಡ್ ಗ್ರ್ಯಾಂಟ್’.

ಬಂಗಲೆಗಳಿಗೆ ಇಲ್ಲಿನ ಕೆಂಪು ಜಂಬಿಟ್ಟಿಗೆ, ಸುಣ್ಣದ ಗಾರೆ, ತೇಗದ ತೊಲೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ಊರಾದ್ದರಿಂದ ಮಾಡಿಗೆ ಕಡಿದಾದ ಇಳಿಜಾರು, ಸುತ್ತಲೂ ಅಗಲವಾದ ವರಾಂಡ. ಅಡುಗೆಮನೆ ದೂರ, ಹೊಗೆ ಸಾಹೇಬರ ಮೂಗಿಗೆ ತಾಗಬಾರದು. ಅದರಾಚೆಗೆ ಆಳುಗಳ ಕೋಣೆಗಳ ಸಾಲು. ಅಜ್ಜನ ಕೋಣೆ ಆ ಸಾಲಿನ ಕೊನೆಯದು.

ರೆಜಿಮೆಂಟಿಗೆ ವರ್ಗದ ಆದೇಶ ಬಂತೆಂದರೆ ಬಂಗಲೆ ಮಾರಾಟಕ್ಕೆ. ಮೊದಮೊದಲು ಹೋಗುವ ಅಧಿಕಾರಿ ಬರುವ ಅಧಿಕಾರಿಗೆ ಮಾರುತ್ತಿದ್ದ. ಕ್ರಮೇಣ ವ್ಯಾಪಾರಿಗಳು, ಸೈನ್ಯಕ್ಕೆ ಸರಕು ಒದಗಿಸುವ ಗುತ್ತಿಗೆದಾರರು ಕೊಳ್ಳತೊಡಗಿದರು. ಆಗ ಸರಕಾರಕ್ಕೆ ಹೊಸ ಚಿಂತೆ ಹುಟ್ಟಿತು: ಮಾಲೀಕರು ಬಾಡಿಗೆಗೆ ಕೊಡದಿದ್ದರೆ ಅಧಿಕಾರಿಗಳು ಎಲ್ಲಿರಬೇಕು? 1902ರಲ್ಲಿ ಒಂದು, ಅದರ ಬದಲಿಗೆ 1923ರಲ್ಲಿ ಇನ್ನೊಂದು ಕಾಯಿದೆ ಬಂತು. ಸೈನ್ಯ ಕೇಳಿದರೆ ಮಾಲೀಕ ಮನೆಯನ್ನು ದುರಸ್ತಿ ಮಾಡಿ ಸರಕಾರಕ್ಕೆ ಗೇಣಿಗೆ ಬಿಟ್ಟುಕೊಡಬೇಕು. ದುಡ್ಡು ಕೊಟ್ಟು ಕೊಂಡವನಿಗೆ ತನ್ನದೇ ಮನೆಯಲ್ಲಿ ವಾಸಿಸುವ ಭರವಸೆಯೂ ಇಲ್ಲದಾಯಿತು. ಇದು ಅನ್ಯಾಯವೆಂದು ನಾನು ಇಂದಿಗೂ ನಂಬುತ್ತೇನೆ.

ಕಂಟೋನ್ಮೆಂಟಿನ ಭೂಮಿಯ ದಾಖಲೆ ಪುಸ್ತಕದಲ್ಲಿ ಪ್ರತಿ ಬಂಗಲೆಗೂ ಒಂದು ಸಾಲು ಇರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ವರ್ಗ ‘ಬಿ-3’, ಅಂದರೆ ಖಾಸಗಿಯವರ ಅನುಭೋಗದಲ್ಲಿರುವ ಸರಕಾರಿ ನೆಲ. ಭೂಮಾಲೀಕ ಎಂಬಲ್ಲಿ ಭಾರತ ಸರಕಾರ. ಮನೆಯವರ ಹೆಸರಿನ ಮುಂದೆ ‘ಅನುಭೋಗದ ಹಕ್ಕುದಾರ’ ಎಂದಷ್ಟೇ. ಮೂರು ತಲೆಮಾರು ಬಾಳಿದ ಮನೆಗೆ ಅಷ್ಟೇ ಮಾತು.

ಕ್ಯಾಂಪಿನ ಬಂಗಲೆಗಳ ಒಳಗೆ ಏನು ನಡೆಯಿತೆಂಬುದು ಬಹುಮಟ್ಟಿಗೆ ಅಳಿಸಿಹೋಗಿದೆ. ಆದರೆ ಇದೇ ಕಾಲದ ಒಂದು ಮನೆಯ ಒಂಬತ್ತು ದಿನಗಳು ಮಾತ್ರ ನಮಗೆ ವಿವರವಾಗಿ ಉಳಿದಿವೆ. ಅದು ಕೋಟೆಯೊಳಗಿನದು. 1892ರಲ್ಲಿ ಅಲ್ಲಿದ್ದವರು ಹರಿಪದ ಮಿತ್ರ ಎಂಬ ಬಂಗಾಳಿ ಅರಣ್ಯಾಧಿಕಾರಿ. ಅಕ್ಟೋಬರ್ 18ರ ಮಂಗಳವಾರ ಸಂಜೆ, ವಕೀಲ ಭಾಟೆಯವರೊಂದಿಗೆ ತರುಣ ಸಂನ್ಯಾಸಿಯೊಬ್ಬರು ಬಂದರು. ಮಿತ್ರರಿಗೆ ಮೊದಲು ಅನುಮಾನ, ಏನಾದರೂ ಕೇಳಲು ಬಂದಿರಬಹುದೆಂದು. ಮಾತು ಬೆಳೆದಂತೆ ಅನುಮಾನ ಕರಗಿತು, ಇಲ್ಲೇ ಉಳಿಯಿರಿ ಎಂದರು. ತಮಗೆ ಆತಿಥ್ಯ ಕೊಟ್ಟಿದ್ದ ಭಾಟೆಯವರ ಮನಸ್ಸು ನೋಯುತ್ತದೆಂದು ಸಂನ್ಯಾಸಿ ಆ ರಾತ್ರಿ ಒಪ್ಪಲಿಲ್ಲ. ಮರುದಿನ ಮಿತ್ರರು ಚಹಾಕ್ಕೆ ಕಾದು ಕಾದು, ಕೊನೆಗೆ ತಾವೇ ಭಾಟೆಯವರ ಮನೆಗೆ ಹೋದರು. ಆ ಸಂನ್ಯಾಸಿ ಸ್ವಾಮಿ ವಿವೇಕಾನಂದರು, ಷಿಕಾಗೋದ ಭಾಷಣಕ್ಕೆ ಇನ್ನೂ ಸುಮಾರು ಹನ್ನೊಂದು ತಿಂಗಳಿತ್ತು.

ಮಿತ್ರರು ತಮ್ಮ ನೆನಪುಗಳನ್ನು ಬರೆದಿಟ್ಟರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ವೇದಾಂತಕ್ಕಿಂತ ಮನೆಯ ಮಾತುಗಳು. ಮೇಲಧಿಕಾರಿಯ ಬಿರುನುಡಿಗೆ ಮಿತ್ರರು ಬೇಸತ್ತಿದ್ದರು, ಲೆಕ್ಕವಿಲ್ಲದಷ್ಟು ಔಷಧ ನುಂಗುತ್ತಿದ್ದರು. ಸಂಬಳಕ್ಕೆಂದು ಸೇರಿದ ಕೆಲಸ, ಸಂಬಳ ಬರುತ್ತಿದೆಯಲ್ಲ, ಮತ್ತೇಕೆ ಕೊರಗು ಎಂದು ಸ್ವಾಮೀಜಿ ಕೇಳಿದರು, ಔಷಧವನ್ನೂ ಬಿಡಿಸಿದರು. ಮಿತ್ರರ ಪತ್ನಿ ಇಂದುಮತಿಯವರಿಗೂ ಅವರಿಗೂ ಮಂತ್ರದೀಕ್ಷೆಯಾದದ್ದು ಇಲ್ಲಿಯೇ. ಅವರ ಒತ್ತಾಯಕ್ಕೆ ಮಣಿದು ಊರಿನ ಸ್ಟುಡಿಯೋದಲ್ಲಿ ಸ್ವಾಮೀಜಿ ಫೋಟೋ ತೆಗೆಸಿಕೊಂಡರು. ಹೊರಡುವ ದಿನ ಮಿತ್ರರೇ ಗೋವೆಯ ಮಾರ್ಮಗೋವಾ ಬಂದರಿಗೆ ರೈಲಿನ ಟಿಕೆಟು ತೆಗೆದುಕೊಟ್ಟು, ಕಾಲಿಗೆರಗಿ ಬೀಳ್ಕೊಟ್ಟರು. ಇಂದು ಆ ಮನೆ ರಾಮಕೃಷ್ಣ ಮಿಷನ್ ಆಶ್ರಮದ ಸ್ಮಾರಕ. ಅತಿಥಿಯ ದೆಸೆಯಿಂದ ಗೋಡೆಗಳು ಉಳಿದವು.

ಕ್ಯಾಂಪಿನ ಬಂಗಲೆಗಳಿಗೆ ಆ ಭಾಗ್ಯವಿಲ್ಲ. ಹಂಚು ಒಡೆದರೆ ಹೊದಿಸಬಹುದು, ಆದರೆ ಕೋಣೆಯೊಂದನ್ನು ಹೊಸದಾಗಿ ಎಬ್ಬಿಸಲು ಅನುಮತಿ ಬೇಕು. ಮಾರಲು ಅನುಮತಿ ಬೇಕು. ಅಣ್ಣತಮ್ಮಂದಿರ ಪಾಲು ಬಗೆಹರಿಯುವ ಹೊತ್ತಿಗೆ ತೊಲೆಗೆ ಗೆದ್ದಲು ಹತ್ತಿರುತ್ತದೆ. ಬೀಗ ಹಾಕಿದ ಬಂಗಲೆಯ ವರಾಂಡದಲ್ಲಿ ಎಲೆ ರಾಶಿ ಬಿದ್ದಿರುವುದನ್ನು ಕಂಡಾಗ, ಅಲ್ಲಿ ಪೊರಕೆ ಹಿಡಿಯುತ್ತಿದ್ದ ಕೈಗಳು ನೆನಪಾಗುತ್ತವೆ. ದಾಖಲೆ ಪುಸ್ತಕದಲ್ಲಿ ಆಳುಗಳ ಕೋಣೆಗೆ ಚದರಡಿಯ ಲೆಕ್ಕವಿದೆ, ಅಲ್ಲಿ ಬಾಳಿದವರ ಹೆಸರಿಗೆ ಅಂಕಣವಿಲ್ಲ.

ಅಜ್ಜ ನೆಟ್ಟ ಆಪೂಸಿನ ಮರ ಆ ಕಂಪೌಂಡಿನಲ್ಲಿ ಈಗಲೂ ಇದೆ. ಬಂಗಲೆಯಲ್ಲಿ ಈಗಿರುವ ಅಮ್ಮನವರು ಪ್ರತಿ ಮೇ ತಿಂಗಳಲ್ಲಿ ಒಂದು ಬುಟ್ಟಿ ಹಣ್ಣು ನಮ್ಮ ಮನೆಗೆ ಕಳಿಸುತ್ತಾರೆ, ಮೇಲೆ ಒಂದು ಚೀಟಿ ಇಟ್ಟು: “ನಿಮ್ಮ ಮರದ್ದು.”

ನಮಸ್ಕಾರ.